645 ನಾಟೌಟ್

ಮೊನ್ನೆ ತಂದ ಹೊಸ ಬೆಡ್‌ಶೀಟಿನ ಜೊತೆ ಒಂದು ಚೀಟಿ ಇತ್ತು. ಒಗೆಯುವುದು ಹೇಗೆಂದು ಐದಾರು ಭಾಷೆಗಳಲ್ಲಿ ಅಚ್ಚು ಹಾಕಿಸಿದ್ದರು. ಕನ್ನಡದ ಸಾಲು ಹೀಗಿತ್ತು: 'ಮೊದಲ ಒಗೆತದಲ್ಲಿ ಬಣ್ಣಗಳು ಓಡಬಹುದು.' ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಬಣ್ಣ ಬಿಡುತ್ತದೆ ಮಾರಾಯರೆ, ಓಡುವುದಿಲ್ಲ! ಆದರೂ ಬರೆದವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ಎದುರಿಗಿದ್ದದ್ದು ಇಂಗ್ಲಿಷಿನ 'ರನ್'.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಕ್ರಿಯಾಪದ ಪೀಟರ್ ಗಿಲಿವರ್ ಎಂಬ ನಿಘಂಟುಕಾರರ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಮುಗಿಸಲು ಅವರಿಗೆ ಒಂಬತ್ತು ತಿಂಗಳ ಮೇಲೆ ಹಿಡಿಯಿತು. ಕೊನೆಗೆ ಎಣಿಸಿದಾಗ 645 ಅರ್ಥ. ಇದು ಕ್ರಿಯಾಪದದ ಲೆಕ್ಕ ಮಾತ್ರ. ಸ್ಕೋರ್‌ಬೋರ್ಡಿನ ಮೇಲೆ ಏರುವ ರನ್ನು ನಾಮಪದ, ಅದರ ಖಾತೆ ಬೇರೆ. ಭಾನುವಾರವನ್ನೂ ಬಿಡದೆ ಹಂಚಿದರೆ ದಿನಕ್ಕೆ ಎರಡು ಚಿಲ್ಲರೆ ಅರ್ಥ.

ಒಂದು ಪದಕ್ಕೆ ಅಷ್ಟೊಂದು ಅರ್ಥ ಹೇಗೆ ಬರುತ್ತದೆ? ನೀರನ್ನೇ ನೋಡಿ. ಇಂಗ್ಲಿಷಿನಲ್ಲಿ ನದಿ ರನ್ ಆಗುತ್ತದೆ. ನಾವು ಹರಿಯುತ್ತದೆ ಅನ್ನುತ್ತೇವೆ. ನಲ್ಲಿಯೂ ರನ್ ಆಗುತ್ತದೆ, ಆದರೆ ನಲ್ಲಿ ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ನೀರು. ಸ್ನಾನದ ತೊಟ್ಟಿಯನ್ನು ಯಾರೋ ರನ್ ಮಾಡುತ್ತಾರೆ, ಅಂದರೆ ತುಂಬಿಸುತ್ತಾರೆ. ನೆಗಡಿಯಾದರೆ ಮೂಗು ರನ್ ಆಗುತ್ತದೆ; ನಮ್ಮಲ್ಲಿ ಅದು ಸೋರುತ್ತದೆ. ಇನ್ನು ನಮ್ಮ ಬೆಡ್‌ಶೀಟಿನ ಬಣ್ಣ. ಹರಿ, ಬಿಡು, ತುಂಬಿಸು, ಸೋರು: ನೀರಿನ ಸುತ್ತಲೇ ನಮಗೆ ನಾಲ್ಕು ಕ್ರಿಯಾಪದ ಬೇಕಾಯಿತು, ಅವರಿಗೆ ಒಂದೇ. ನಿಘಂಟುಕಾರ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕುವಂತಿಲ್ಲ. ಚಲಿಸುವುದು ಯಾವುದು, ಚಲಿಸುವಂತೆ ಮಾಡುವವರು ಯಾರು ಎಂದು ಕೇಳಿ, ಉತ್ತರ ಬದಲಾದ ಕಡೆಯೆಲ್ಲ ಹೊಸ ಗೆರೆ ಎಳೆಯಬೇಕು.

ಬೇಲಿ ಹೊಲದುದ್ದಕ್ಕೂ ರನ್ ಆಗುತ್ತದೆ, ನಿಂತಲ್ಲೇ. ಅಂಗಡಿಯನ್ನು, ಸರ್ಕಾರವನ್ನು ರನ್ ಮಾಡುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರ ಗಾದಿಗೆ ರನ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಮಾತ್ರ ಪಾರ್ಲಿಮೆಂಟಿಗೆ 'ನಿಲ್ಲು'ವುದು ರೂಢಿ. ಈ ವಿಷಯದಲ್ಲಿ ನಾವು ಬ್ರಿಟನ್ನಿನ ಕಡೆ: ಚುನಾವಣೆಗೆ ನಿಲ್ಲುತ್ತೇವೆ. ಓಡುವುದೇನಿದ್ದರೂ ಗೆದ್ದ ಮೇಲೆ, ರೆಸಾರ್ಟಿಗೆ.

ಅತಿ ಹೆಚ್ಚು ಅರ್ಥಗಳ ಪಟ್ಟದ ಮೇಲೆ 'ರನ್' ಮೊದಲಿನಿಂದಲೂ ಕೂತಿರಲಿಲ್ಲ. ಆ ಜಾಗ 'ಸೆಟ್' ಎಂಬ ಇನ್ನೊಂದು ಪುಟಾಣಿಯದು. ಜೇಮ್ಸ್ ಮರ್ರೆ ಈ ನಿಘಂಟಿನ ಕೆಲಸ ಕೈಗೆತ್ತಿಕೊಂಡಾಗ ಇದ್ದ ಅಂದಾಜು ಹತ್ತು ವರ್ಷ. 1884ರಲ್ಲಿ ಹೊರಬಂದ ಮೊದಲ ಕಂತು 'ಎ'ಯಿಂದ ಹೊರಟು 'ಆಂಟ್' ತಲುಪಿತ್ತು, ಅಂದರೆ ಇರುವೆಯ ತನಕ. ವೇಗವೂ ಇರುವೆಯದೇ. ಮರ್ರೆ 1915ರಲ್ಲಿ ತೀರಿಕೊಂಡರು, ನಿಘಂಟು ಮುಗಿದದ್ದು 1928ರಲ್ಲಿ. ಅಷ್ಟರಲ್ಲಿ ಅದರೊಳಗೆ 18 ಲಕ್ಷಕ್ಕೂ ಮಿಕ್ಕಿ ಉದ್ಧರಣೆಗಳು ಸೇರಿದ್ದವು. 1989ರ ಎರಡನೇ ಆವೃತ್ತಿ 20 ಸಂಪುಟ, 21,730 ಪುಟ, 62.6 ಕಿಲೋ, ಹೊರಲು ಕೂಲಿಯಾಳು ಬೇಕು. ಆ ಆವೃತ್ತಿಯಲ್ಲಿ 'ಸೆಟ್' ಕ್ರಿಯಾಪದಕ್ಕೆ 430 ಅರ್ಥ, ಅದರ ವಿವರಣೆಗೇ ಸುಮಾರು 60,000 ಪದ. ಇನ್ನೂರು ಪುಟ ಮೀರುವ ಕಾದಂಬರಿಯೊಂದು ಅಷ್ಟರಲ್ಲಿ ಮುಗಿಯುತ್ತದೆ!

ಪರಿಷ್ಕೃತ ನಮೂದುಗಳನ್ನು 2000ದಿಂದ ಅಂತರ್ಜಾಲದಲ್ಲಿ ಹಾಕುತ್ತಾ ಬಂದರು, 'ಎಂ' ಅಕ್ಷರದಿಂದ ಶುರುಮಾಡಿ. 'ಆರ್' ಬಂದಾಗ 'ರನ್' ಮುಂದಕ್ಕೆ ಹೋಯಿತು. ಅದರ ಹಿಂದಿರುವುದು ಯಂತ್ರಗಳ ಕೈವಾಡ. 'ಸೆಟ್' ಇಡುವ, ಕೂರಿಸುವ, ಸ್ಥಿರವಾದ ಪದ. ಕುದುರೆ, ಹೊಳೆ, ಮನುಷ್ಯರ ಕಾಲು ಎಂದಿದ್ದ 'ರನ್' ಬಾಯಿಗೆ ಉಗಿಬಂಡಿ ಬಂತು, ಗಿರಣಿ ಬಂತು, ಮೋಟಾರು ಬಂತು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಮೂ ಬಂತು. ಹೊಸದೊಂದು ಯಂತ್ರ ಬಂದಾಗಲೆಲ್ಲ ಅದಕ್ಕೆ ಹೊಸ ಕೆಲಸ ಸಿಕ್ಕಿತು.

ನಮ್ಮ 'ಓಡು' ಕೂಡ ಸೋಮಾರಿಯೇನಲ್ಲ. ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಸಂಜೆಯಾದರೆ ನನ್ನ ತಲೆ ಓಡುವುದಿಲ್ಲ. ಆದರೆ ಕನ್ನಡದಲ್ಲಿ ಭಾರ ಹೊರುವ ಎತ್ತು ಬೇರೆಯೇ ಇದೆ, 'ಹೊಡೆ'. ಮೊಳೆ ಹೊಡಿ, ಸುಣ್ಣ ಹೊಡಿ, ಗಾಡಿ ಹೊಡಿ, ಹರಟೆ ಹೊಡಿ, ನಿದ್ದೆ ಹೊಡಿ, ಪರೀಕ್ಷೆಯಲ್ಲಿ ಕಾಪಿ ಹೊಡಿ. ವಾಸನೆ ಹೊಡೆಯುತ್ತದೆ, ಶೆಕೆಗೆ ಝಳ ಹೊಡೆಯುತ್ತದೆ. ಇವುಗಳ ಪೈಕಿ ಏಟು ಬೀಳುವುದು ಮೊಳೆಯೊಂದಕ್ಕೇ. ಗಾಡಿ ಹೊಡೆಯುವವನು ಎತ್ತಿಗೆ ಹೊಡೆಯದಿರಲಿ ಅಂತ ನನ್ನ ಆಸೆ.

ಮೊನ್ನೆ ಬೀದಿಯಲ್ಲಿ ಹುಡುಗರ ಆಟ ನೋಡುತ್ತಾ ನಿಂತಿದ್ದೆ. ಒಬ್ಬ ಬೀಸಿದ ಚೆಂಡು ಸೀದಾ ಚರಂಡಿಗೆ ಬಿತ್ತು. ಚರಂಡಿಗೆ ಬಿದ್ದರೆ ನಾಲ್ಕು, ಅದು ಅವರ ಕಾನೂನು. ಅವನು ನಿಂತ ಜಾಗದಿಂದ ಒಂದು ಹೆಜ್ಜೆಯನ್ನೂ ಕದಲಿಸದೆ, ಬ್ಯಾಟು ಹೆಗಲ ಮೇಲಿಟ್ಟುಕೊಂಡು ಕೂಗಿದ: "ನಾಲ್ಕು ರನ್ ಹೊಡ್ದೆ, ಬರ್ಕೊಳ್ಳೋ!"