ಕಂಪಾಲಾದ ಡೋಲು, ಸಿಂಥಸೈಜರಿನ ಗುಂಗು

ಕಂಜಿರ ನುಡಿಸುವವರಿಗೆ ಉಡದ ಚರ್ಮದ ಮೇಲೆ ವ್ಯಾಮೋಹ. ಒಳಗಡೆ ನಾಲ್ಕು ಹನಿ ನೀರು ಸವರಿದರೆ ಆ ಪುಟ್ಟ ವಾದ್ಯ ಮಂದ್ರಕ್ಕಿಳಿದು ಗುಂಯ್‌ಗುಡುತ್ತದೆ. ಈಗ ನಮ್ಮಲ್ಲಿ ಉಡ ಸಂರಕ್ಷಿತ ಪ್ರಾಣಿ. ನನ್ನ ಕಂಜಿರಕ್ಕೆ ಪ್ಲಾಸ್ಟಿಕ್ ಹೊದಿಕೆಯೇ ಗತಿ. ಉಗಾಂಡಾದ ಎಂಗಲಾಬಿ ಎಂಬ ಉದ್ದನೆಯ ಡೋಲಿಗೂ ಉಡದ ಚರ್ಮವನ್ನೇ ಬಿಗಿಯುತ್ತಾರೆಂದು ಗೊತ್ತಾದದ್ದು ನಿಹಿಲಾಕ್ಸಿಕಾ ತಂಡದ ಸಂಗೀತ ತಲೆಗೇರಿದ ಮೇಲೆ.

ಕಂಪಾಲಾದ ನೀಲೋಟಿಕಾ ಕಲ್ಚರಲ್ ಆನ್ಸಾಂಬಲ್‌ನ ಡೋಲುಗಾರರ ಜೊತೆ ಇಬ್ಬರು ಬ್ರಿಟಿಷ್ ಸಂಗೀತಗಾರರು ಸೇರಿ ಕಟ್ಟಿದ ತಂಡವಿದು. ಒಬ್ಬರು ಸ್ಪೂಕಿ-ಜೆ, ಡ್ರಮ್ ಸೆಟ್ ನುಡಿಸುತ್ತಾರೆ. ಇನ್ನೊಬ್ಬರು ಪಿಕ್ಯೂ, ಸಿಂಥಸೈಜರ್. ಮೊದಲ ಧ್ವನಿಮುದ್ರಿಕೆ 2017ರಲ್ಲಿ, ಕಂಪಾಲಾದ್ದೇ ಆದ ನ್ಯೆಗೆ ನ್ಯೆಗೆ ಟೇಪ್ಸ್ ಸಂಸ್ಥೆಯಿಂದ ಬಂತು.

ಈ ತಂಡದ ಡೋಲುಗಳು ಉಗಾಂಡಾದೊಳಗಿನ ಬುಗಾಂಡಾ ರಾಜ್ಯದವು. ಅಲ್ಲಿ ಪ್ರತಿ ಕುಲಕ್ಕೂ ತನ್ನದೇ ಬಡಿತವಿದೆ. ದೈವವನ್ನು ಮೈಮೇಲೆ ಕರೆಯುವಾಗಲೂ ಡೋಲು ಬೇಕು, ದೊರೆ ಪಟ್ಟಕ್ಕೇರುವಾಗಲೂ ಬೇಕು. ಅರಮನೆಯಲ್ಲಿ ಎಂಟೆಂಗಾ ಎಂಬ ಮೇಳವಿತ್ತು: ಶ್ರುತಿ ಮಾಡಿದ ಹನ್ನೆರಡೂ ಸೇರಿ 15 ಡೋಲು, ಆರು ಮಂದಿ ವಾದಕರು. 1966ರಲ್ಲಿ ಉಗಾಂಡಾದ ಅಧ್ಯಕ್ಷ ಒಬೋಟೆಯ ಸೇನೆ ಮೆಂಗೋ ಅರಮನೆಗೆ ನುಗ್ಗಿತು. ದೊರೆ ಎರಡನೇ ಮುಟೇಸಾ ಬ್ರಿಟನ್ನಿಗೆ ಓಡಿಹೋದರು, ಎಂಟೆಂಗಾ ನಿಂತುಹೋಯಿತು. ರಾಜಪೀಠ ಮತ್ತೆ ಸ್ಥಾಪನೆಯಾದದ್ದು 1993ರಲ್ಲಿ. ಇಂಥ ಚರಿತ್ರೆಯಿರುವ ಲಯವನ್ನು ‘ಆದಿಮ ಆಫ್ರಿಕಾ’ ಎಂಬ ಚೀಟಿ ಅಂಟಿಸಿ ಮಾರುವವರನ್ನು ಕಂಡರೆ ನನಗೆ ರೇಗುತ್ತದೆ.

ಎಲೆಕ್ಟ್ರಾನಿಕ್ ಸಂಗೀತದಲ್ಲಿ ಆಫ್ರಿಕಾದ ಡೋಲು ಹೊಸದಲ್ಲ. ಎರಡು ಸೆಕೆಂಡಿನ ತುಣುಕು ಕತ್ತರಿಸಿ, ಕಂಪ್ಯೂಟರಿನ ತಾಳಕ್ಕೆ ಕೂರಿಸಿ, ಸುತ್ತಿ ಸುತ್ತಿ ಕೇಳಿಸಿದರೆ ಆಯಿತು, ಡೋಲುಗಾರ ಯಾರೆಂದು ಕೇಳುವವರಿಲ್ಲ. ನಿಹಿಲಾಕ್ಸಿಕಾದಲ್ಲಿ ಡೋಲುಗಾರರೇ ಮುಂದೆ. ಎಂಬೂಟು ಎಂಬ ದೊಡ್ಡ ಡೋಲು ಅಡಿಪಾಯ ಹಾಕುತ್ತದೆ, ಪುಟ್ಟ ನಮುಂಜೊಲೋಬಾ ಮೇಲೆ ಚಟಪಟಿಸುತ್ತದೆ, ಬರಿಗೈಯಲ್ಲಿ ಬಾರಿಸುವ ಎಂಗಲಾಬಿ ನಡುವೆ ನುಗ್ಗಿ ಮಾತಾಡುತ್ತದೆ. ಹನ್ನೆರಡು ಮಾತ್ರೆಯ ಆವರ್ತವನ್ನು ಒಬ್ಬರು ಮೂರು ಮೂರಾಗಿ ಹಿಡಿದರೆ ಇನ್ನೊಬ್ಬರು ನಾಲ್ಕು ನಾಲ್ಕಾಗಿ ಹಿಡಿಯುತ್ತಾರೆ. ತಿಶ್ರ, ಚತುರಶ್ರ ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಾಕಿ ನೋಡಿ, ಸುಸ್ತಾಗುತ್ತದೆ. ಅವರು ಅದನ್ನು ಓಟದ ಕಾಲದಲ್ಲಿ, ನಕ್ಕೊಂಡು ಮಾಡುತ್ತಾರೆ. ಸಿಂಥಸೈಜರ್ ಇದರ ಕೆಳಗೆ ಕಪ್ಪು ಹೊಗೆಯಂತೆ ಹರಿಯುತ್ತದೆ, ಆಗಾಗ ಕರ್ಕಶವಾಗಿ ಗೀರುತ್ತದೆ. ಮಾಧುರ್ಯ ಬೇಕೆನ್ನುವವರಿಗೆ ಹಿಡಿಸಲಿಕ್ಕಿಲ್ಲ. ನನ್ನ ಮನೆಯಲ್ಲೇ ಹಿಡಿಸಿಲ್ಲ.

2020ರ ಆಲ್ಬಮ್‌ಗೆ ಇಟ್ಟ ಹೆಸರು ‘ಕಲೋಲಿ’: ಕಂಪಾಲಾದ ಕಸದ ರಾಶಿಗಳ ಮೇಲೆ ಮೇಯುವ ದೈತ್ಯ ಕೊಕ್ಕರೆ. 2023ರ ‘ಸೋರ್ಸ್ ಆಫ್ ಡಿನಾಯಲ್’ನಲ್ಲಿರುವುದು ವೀಸಾ ವ್ಯವಸ್ಥೆಯ ಮೇಲಿನ ಸಿಟ್ಟು, ಒಂದೇ ತಂಡದಲ್ಲಿದ್ದರೂ ಉಗಾಂಡಾದವರಿಗೆ ಗಡಿ ದಾಟುವುದು ಬ್ರಿಟಿಷರಿಗಿದ್ದಷ್ಟು ಸಲೀಸಲ್ಲ.

ಹೊಸಬರು 2019ರ ‘ಬೀರಿ’ ಧ್ವನಿಮುದ್ರಿಕೆಯಿಂದ ಶುರುಮಾಡುವುದು ಒಳ್ಳೆಯದು. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಎಂಬೂಟು ಅದರಲ್ಲಿ ಕೇಳಿಸುವುದೇ ಇಲ್ಲ.