ಐರ್ಲೆಂಡಿನ ಅರಸರಿಗೆ ಮುಖವೆಲ್ಲಿ?

ಕಿರೀಟವಿಟ್ಟ ಮಾತ್ರಕ್ಕೆ ನಟನು ಅರಸನಾಗಲಾರನೆಂಬುದು ನಾಟಕವನ್ನು ಬಲ್ಲವರಿಗೆಲ್ಲ ತಿಳಿದ ಮಾತು. ಹಾಗಾದರೆ ಕಿರೀಟವನ್ನೇ ಧರಿಸದೆ ಪಟ್ಟವೇರುತ್ತಿದ್ದ ಅರಸರ ಪಾತ್ರಕ್ಕೆ ನಟನನ್ನು ಆರಿಸುವುದು ಹೇಗೆ? ಮಧ್ಯಯುಗದ ಐರ್ಲೆಂಡಿನ ಇತಿಹಾಸವನ್ನು ಬೆಳ್ಳಿತೆರೆಗೆ ತರಬೇಕೆನ್ನುವ ನಿರ್ದೇಶಕನಿಗೆ ಎದುರಾಗುವ ಮೊದಲ ತೊಡಕು ಇದೇ. ಅಲ್ಲಿಯ ಅರಸನಾದವನು ಬಯಲಿನಲ್ಲಿ ಪವಿತ್ರವಾದ ಶಿಲೆಯ ಬಳಿ ನಿಂತು, ಬಿಳಿಯ ಕೋಲೊಂದನ್ನು ಕೈಗೆ ಪಡೆದು ಅಧಿಕಾರವನ್ನು ಸ್ವೀಕರಿಸುತ್ತಿದ್ದನು. ಆ ಪುಟ್ಟ ದ್ವೀಪದಲ್ಲಿ ಏಕಕಾಲಕ್ಕೆ ನೂರಕ್ಕೂ ಮಿಕ್ಕಿ ಹಿರಿಯ ಕಿರಿಯ ಅರಸರಿದ್ದರು.

ಐರಿಷ್ ನಟರು ತೆರೆಯ ಮೇಲೆ ಅರಸರಾಗಿ ಮೆರೆದುದೇನೂ ಕಡಿಮೆಯಲ್ಲ. ಆದರೆ ಅವರು ಮೆರೆದುದು ಹೆಚ್ಚಾಗಿ ಪರರಾಜ್ಯದ ಸಿಂಹಾಸನಗಳಲ್ಲಿ! ಶ್ಯಾನನ್ ನದಿಯ ದಂಡೆಯ ಲಿಮೆರಿಕ್ ನಗರದಲ್ಲಿ ಹುಟ್ಟಿದವರು ರಿಚರ್ಡ್ ಹ್ಯಾರಿಸ್. ಅದೇ ನದಿಯ ಮೇಲ್ದಂಡೆಯಲ್ಲಿ ಐರಿಷ್ ಮಹಾರಾಜ ಬ್ರಯನ್ ಬೋರುವಿನ ಅರಮನೆಯಿತ್ತು. ಹ್ಯಾರಿಸ್ ಆದರೋ 1967ರ ‘ಕ್ಯಾಮಲಾಟ್’ ಚಿತ್ರದಲ್ಲಿ ಬ್ರಿಟನ್ನಿನ ಆರ್ಥರ್ ರಾಜನಾದರು. 1981ರ ‘ಎಕ್ಸ್‌ಕ್ಯಾಲಿಬರ್’ ಚಿತ್ರವನ್ನು ತೆಗೆದುದು ಐರ್ಲೆಂಡಿನ ಕಾಡುಗಳಲ್ಲಿ; ಡಬ್ಲಿನ್ನಿನ ಗೇಬ್ರಿಯಲ್ ಬರ್ನ್ ಅದರಲ್ಲಿ ಆರ್ಥರನ ತಂದೆಯ ಪಾತ್ರ ವಹಿಸಿದರು.

ಪೀಟರ್ ಓಟೂಲರ ಕಥೆ ಇನ್ನೂ ಸೋಜಿಗದ್ದು. 1964ರ ‘ಬೆಕೆಟ್’ ಮತ್ತು 1968ರ ‘ದಿ ಲಯನ್ ಇನ್ ವಿಂಟರ್’ ಚಿತ್ರಗಳೆರಡರಲ್ಲಿಯೂ ಅವರು ಇಂಗ್ಲೆಂಡಿನ ಎರಡನೆಯ ಹೆನ್ರಿ. 1171ರಲ್ಲಿ ಸೈನ್ಯಸಹಿತನಾಗಿ ಐರ್ಲೆಂಡಿಗೆ ಬಂದಿಳಿದು, ಅಲ್ಲಿಯ ಅನೇಕ ಅರಸರಿಂದ ಶರಣಾಗತಿಯನ್ನು ಪಡೆದ ಹೆನ್ರಿ ಇವನೇ! ಓಟೂಲ್ ಎಂಬುದಾದರೋ ಐರ್ಲೆಂಡಿನ ಲೆನ್‌ಸ್ಟರ್ ಪ್ರಾಂತದ ಹಳೆಯ ಅರಸುಮನೆತನದ ಹೆಸರು. ಹೆನ್ರಿ ಬಂದಾಗ ಡಬ್ಲಿನ್ನಿನ ಆರ್ಚ್‌ಬಿಷಪ್ಪನಾಗಿದ್ದವನೂ ಲಾರೆನ್ಸ್ ಓಟೂಲನೇ.

ಇನ್ನು ಐರಿಷ್ ಅರಸರ ಪಾತ್ರಗಳೋ? 2006ರ ‘ಟ್ರಿಸ್ಟನ್ ಅಂಡ್ ಐಸೋಲ್ಡ್’ ಚಿತ್ರದ ಐರಿಷ್ ದೊರೆ ಇತಿಹಾಸದವನಲ್ಲ, ಕಥೆಗಾಗಿ ಕಲ್ಪಿತನಾದವನು; ಆ ಪಾತ್ರವನ್ನು ವಹಿಸಿದ ಡೇವಿಡ್ ಓಹಾರ ಸ್ಕಾಟ್ಲೆಂಡಿನವರು. ಮಧ್ಯಯುಗ ಮುಗಿದ ಮೇಲಿನ ರಾಜಕುಮಾರ ರೆಡ್ ಹ್ಯೂ ಓಡಾನೆಲನನ್ನು ಕುರಿತು ಡಿಸ್ನಿ ಸಂಸ್ಥೆ 1966ರಲ್ಲಿ ಚಿತ್ರ ತೆಗೆದಾಗ, ನಾಯಕನಾದವರು ಇಂಗ್ಲಿಷ್ ನಟ ಪೀಟರ್ ಮೆಕೆನರಿ. 1587ರಲ್ಲಿ ಸೆರೆ ಸಿಕ್ಕಾಗ ಹ್ಯೂ ಸುಮಾರು 15ರ ಬಾಲಕ. ನಟರಿಗೆ ಆಗ 26.

ವಯಸ್ಸಿನ ಪ್ರಶ್ನೆ ಅಲ್ಪವಾದುದಲ್ಲ. 1014ರಲ್ಲಿ ಕ್ಲಾಂಟಾರ್ಫ್ ಕಾಳಗ ನಡೆದಾಗ ಬ್ರಯನ್ ಬೋರು 70 ದಾಟಿದ ವೃದ್ಧ. ಅವನು ಖಡ್ಗ ಹಿಡಿಯದೆ ತನ್ನ ಡೇರೆಯಲ್ಲಿ ಪ್ರಾರ್ಥಿಸುತ್ತಿದ್ದಾಗ, ಓಡಿಹೋಗುತ್ತಿದ್ದ ವೈಕಿಂಗನೊಬ್ಬನು ಒಳನುಗ್ಗಿ ಕೊಂದನೆಂದು ಪುರಾತನ ಕಥನ ಹೇಳುತ್ತದೆ. ಚಿತ್ರೋದ್ಯಮಕ್ಕೆ ಬೇಕಾದುದು ಕುದುರೆಯೇರಿದ ಮೂವತ್ತರ ವೀರ. ಇತಿಹಾಸ ಕೊಡುವುದು ಮೊಣಕಾಲೂರಿದ ಮುದುಕನನ್ನು. ವೀರತ್ವ ಕಾಣಲೆಂದು ಮುಖಕ್ಕೆ ಗಾಯದ ಗುರುತು ಬರೆಯುವ ಪ್ರಸಾಧನಕಾರನೂ ಇಲ್ಲಿ ಎಚ್ಚರದಿಂದಿರಬೇಕು. ಅಂಗದೋಷವುಳ್ಳವನು ಆಳಲು ಅರ್ಹನಲ್ಲವೆಂಬುದು ಐರಿಷ್ ಸಂಪ್ರದಾಯ. ಧೃತರಾಷ್ಟ್ರನಿಗೆ ಪಟ್ಟ ತಪ್ಪಿದುದನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಧ್ವನಿಯ ವಿಷಯದಲ್ಲಿ ಒಂದು ಸಾಕ್ಷ್ಯವುಂಟು. 1166ರಲ್ಲಿ ರಾಜ್ಯಭ್ರಷ್ಟನಾಗಿ, ಹೆನ್ರಿಯ ನೆರವನ್ನು ಬೇಡಿ ನಾರ್ಮನ್ನರನ್ನು ಕರೆತಂದ ಡರ್ಮಟ್ ಮ್ಯಾಕ್‌ಮರೋ ಎತ್ತರದ, ಭಾರಿ ಮೈಕಟ್ಟಿನ ಆಳು. ರಣರಂಗದಲ್ಲಿ ಕೂಗಿ ಕೂಗಿ ಅವನ ಕಂಠ ಒಡೆದು ಹೋಗಿತ್ತೆಂದು ವೇಲ್ಸಿನ ಜೆರಾಲ್ಡ್ ಬರೆದಿದ್ದಾನೆ. ಜೆರಾಲ್ಡನ ಬಂಧುಗಳೇ ಆ ದಂಡಯಾತ್ರೆಯ ನಾಯಕರಾಗಿದ್ದರೆಂಬುದನ್ನೂ ಓದುಗರು ಮರೆಯಬಾರದು. ಆದರೂ ಆ ಒಡಕುಧ್ವನಿಯನ್ನು ಬಿಟ್ಟು ಇಂಪಾದ ಕಂಠದ ಸುಂದರನನ್ನು ಆರಿಸಿದರೆ ಡರ್ಮಟನು ಡರ್ಮಟನಾಗಿ ಉಳಿದಾನೆ?

ಬ್ರಯನ್ ಬೋರುವನ್ನು ಕಣ್ಣಾರೆ ಕಂಡು ಬರೆದ ಭಾವಚಿತ್ರ ಯಾವುದೂ ಉಳಿದಿಲ್ಲ. ಆದುದರಿಂದ ತೆರೆಯ ಮೇಲೆ ಮೂಡುವ ನಟನ ಮುಖವೇ ಲಕ್ಷಾಂತರ ಮಂದಿಯ ಮನಸ್ಸಿನಲ್ಲಿ ಅವನ ಮುಖವಾಗಿ ನಿಲ್ಲುತ್ತದೆ. ಮುಂದೆ ಯಾವ ಗ್ರಂಥವೂ ಅದನ್ನು ಸುಲಭವಾಗಿ ಅಳಿಸಲಾರದು. ಆ ಮುಖದಲ್ಲಿ ಸುಕ್ಕುಗಳಿರಬೇಕೆ, ಬೇಡವೆ ಎಂಬುದನ್ನು ನಿರ್ಧರಿಸುವವನು ನಟರನ್ನು ಆರಿಸಲು ಕುಳಿತ ನಿರ್ದೇಶಕನೊಬ್ಬನೇ.