ಸರ್ವರ್‌ಗಳ ಸ್ವಯಂಚಾಲಿತ ಮರುಚಾಲನೆ

ಸರ್ವರ್‌ಗಳ ಸ್ವಯಂಚಾಲಿತ ಮರುಚಾಲನೆ ಎಂದರೆ ಕಾರ್ಯಾಚರಣ ವ್ಯವಸ್ಥೆಯ ನವೀಕರಣದ ನಂತರ, ಅಗತ್ಯವಿರುವ ಸರ್ವರ್‌ಗಳನ್ನು ಮಾತ್ರ ಗುರುತಿಸಿ, ನಿಗದಿತ ವೇಳೆ ಮತ್ತು ಕ್ರಮದಲ್ಲಿ ತಂತ್ರಾಂಶದ ಮೂಲಕವೇ ರೀಬೂಟ್ ಮಾಡುವ ವಿಧಾನ. ಆನ್ಸಿಬಲ್, ಪಪೆಟ್, ಶೆಫ್, ಸಾಲ್ಟ್ ಮೊದಲಾದ ಸಂರಚನಾ ನಿರ್ವಹಣಾ ಸಾಧನಗಳು ಇದಕ್ಕೆ ಬಳಕೆಯಲ್ಲಿವೆ.

ಅಗತ್ಯ

ಲಿನಕ್ಸ್ ವ್ಯವಸ್ಥೆಯಲ್ಲಿ ನವೀಕರಣವು ಡಿಸ್ಕಿನಲ್ಲಿರುವ ಕಡತಗಳನ್ನು ಬದಲಿಸುತ್ತದೆ. ಮೆಮೊರಿಯಲ್ಲಿ ಚಾಲನೆಯಲ್ಲಿರುವ ಹಳೆಯ ಕರ್ನಲ್ ಮಾತ್ರ ಹಾಗೆಯೇ ಉಳಿಯುತ್ತದೆ. ಭದ್ರತಾ ದೋಷವನ್ನು ನಿವಾರಿಸುವ ಹೊಸ ಕರ್ನಲ್ ಸ್ಥಾಪನೆಯಾಗಿದ್ದರೂ ಮರುಚಾಲನೆಯಾಗುವವರೆಗೆ ಆ ದೋಷ ಮುಂದುವರಿಯುತ್ತದೆ. ಚಾಲನೆಯಲ್ಲಿರುವಾಗಲೇ ತಿದ್ದುಪಡಿ ಅಳವಡಿಸುವ ಲೈವ್ ಪ್ಯಾಚಿಂಗ್ ವಿಧಾನವಿದ್ದರೂ ಅದು ಎಲ್ಲ ನವೀಕರಣಗಳಿಗೂ ಅನ್ವಯಿಸದು.

ಕಾರ್ಯವಿಧಾನ

ಉಬುಂಟುವಿನಲ್ಲಿ ಮರುಚಾಲನೆ ಅಗತ್ಯವಾದಾಗ 'ರೀಬೂಟ್-ರಿಕ್ವೈರ್ಡ್' ಎಂಬ ಕಡತ ಸೃಷ್ಟಿಯಾಗುತ್ತದೆ. ರೆಡ್ ಹ್ಯಾಟ್ ಕುಟುಂಬದ ವ್ಯವಸ್ಥೆಗಳಲ್ಲಿ 'ನೀಡ್ಸ್-ರೀಸ್ಟಾರ್ಟಿಂಗ್' ಎಂಬ ಆದೇಶ ಇದನ್ನು ತಿಳಿಸುತ್ತದೆ. ಸಾಧನವು ಮೊದಲು ಈ ಗುರುತನ್ನು ಪರಿಶೀಲಿಸಿ, ಗುರುತಿಲ್ಲದ ಯಂತ್ರಗಳನ್ನು ಬಿಟ್ಟುಬಿಡುತ್ತದೆ. ಆನ್ಸಿಬಲ್‌ನ 2.7ನೆಯ ಆವೃತ್ತಿಯಲ್ಲಿ, 2018ರಲ್ಲಿ, ರೀಬೂಟ್ ಮಾಡ್ಯೂಲ್ ಸೇರ್ಪಡೆಯಾಯಿತು. ಅದು ಯಂತ್ರವನ್ನು ಮರುಚಾಲನೆಗೊಳಿಸಿ, ಮತ್ತೆ ಸಂಪರ್ಕಕ್ಕೆ ಬರುವವರೆಗೆ ಕಾಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಈ ಅವಧಿ 600 ಸೆಕೆಂಡುಗಳು.

ಸಮಯ ಮತ್ತು ಕ್ರಮ

ಮರುಚಾಲನೆಯ ವೇಳೆ ಸೇವೆ ಸ್ಥಗಿತಗೊಳ್ಳುವುದರಿಂದ ಸಮಯದ ಆಯ್ಕೆ ಮುಖ್ಯವಾದುದು. ಹಾವೇರಿ ಜಿಲ್ಲೆಯ ಬ್ಯಾಡಗಿ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ಇದಕ್ಕೆ ಉದಾಹರಣೆಯಾಗಿ ಗಮನಿಸಬಹುದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಈ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಪ್ರಮುಖ ವ್ಯಾಪಾರದ ದಿನಗಳಾಗಿದ್ದು, ದರವು ಇ-ಟೆಂಡರ್ ಮೂಲಕ ನಿರ್ಧಾರವಾಗುತ್ತದೆ. ಇಂತಹ ವ್ಯವಸ್ಥೆಯ ಸರ್ವರ್ ಟೆಂಡರ್ ವೇಳೆಯಲ್ಲಿ ನಿಂತರೆ ದರ ಘೋಷಣೆ, ತೂಕ, ಹಣ ಪಾವತಿ ಎಲ್ಲವೂ ತಡವಾಗುತ್ತವೆ. ರಾಣೆಬೆನ್ನೂರು, ಹಾವೇರಿ ಕಡೆಯಿಂದ ಚೀಲಗಳನ್ನು ತಂದ ರೈತನಿಗೆ ಬಾಡಿಗೆ ವಾಹನದ ಖರ್ಚು ಹೆಚ್ಚುತ್ತದೆ. ಆದ್ದರಿಂದ 'ಪ್ರತಿದಿನ ರಾತ್ರಿ' ಎಂಬ ಸಾಮಾನ್ಯ ನಿಯಮ ಸಾಲದು. ವ್ಯಾಪಾರದ ದಿನಗಳನ್ನೂ ಅವುಗಳ ಹಿಂದಿನ ರಾತ್ರಿಯನ್ನೂ ಹೊರತುಪಡಿಸಿದ ವೇಳಾಪಟ್ಟಿ ಸೂಕ್ತ. ಹಿಂದಿನ ರಾತ್ರಿ ಕೆಟ್ಟದ್ದನ್ನು ಸರಿಪಡಿಸಲು ಬೆಳಗಿನೊಳಗೆ ಸಮಯ ಸಾಲದಿರಬಹುದು.

ಕ್ರಮವೂ ಅಷ್ಟೇ ಮುಖ್ಯ. ಪರೀಕ್ಷಾ ಯಂತ್ರವನ್ನು ಮೊದಲು, ಅನಂತರ ಅಪ್ಲಿಕೇಶನ್ ಸರ್ವರ್‌ಗಳನ್ನು ಒಂದೊಂದಾಗಿ ಮರುಚಾಲನೆಗೊಳಿಸಲಾಗುತ್ತದೆ. ದತ್ತಸಂಚಯದಲ್ಲಿ ಮೊದಲು ಮೀಸಲು ಸರ್ವರ್ ಮರುಚಾಲನೆಗೊಂಡು, ಮುಖ್ಯ ಸರ್ವರ್‌ನ ಹೊಣೆಯನ್ನು ವಹಿಸಿಕೊಂಡ ಬಳಿಕವೇ ಮುಖ್ಯ ಸರ್ವರ್‌ನ ಸರದಿ.

ಮಿತಿಗಳು

ಯಂತ್ರ ಸಂಪರ್ಕಕ್ಕೆ ಬಂದ ಮಾತ್ರಕ್ಕೆ ಸೇವೆ ಆರಂಭವಾಗಿದೆ ಎನ್ನಲಾಗದು. ಸೇವೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಪರೀಕ್ಷೆ ವಿಫಲವಾದರೆ ಉಳಿದ ಯಂತ್ರಗಳ ಮರುಚಾಲನೆ ಅಲ್ಲಿಗೇ ನಿಂತು, ನಿರ್ವಾಹಕರಿಗೆ ಸೂಚನೆ ತಲುಪುವಂತೆ ಸಾಧನವನ್ನು ಮೊದಲೇ ಅಣಿಗೊಳಿಸಲಾಗುತ್ತದೆ.